ಅಭ್ಯಾಸದಲ್ಲಿ ಹಾರುವ ಹುಡುಗಿ ಸ್ಪರ್ಧೆಯಲ್ಲಿ ಯಾಕೆ ಮುಗ್ಗರಿಸುತ್ತಾಳೆ?

ಪ್ರಶ್ನೆ: ಆರು ವರ್ಷದಿಂದ ಮಕ್ಕಳಿಗೆ ಅಥ್ಲೆಟಿಕ್ಸ್ ಕಲಿಸುತ್ತಿದ್ದೇನೆ. ನನ್ನ ಬಳಿ 16 ವರ್ಷದ ಲಾಂಗ್ ಜಂಪ್ ಹುಡುಗಿಯೊಬ್ಬಳಿದ್ದಾಳೆ. ಅಭ್ಯಾಸದಲ್ಲಿ ಆರಾಮಾಗಿ 5.40 ಮೀಟರ್ ಹಾರುತ್ತಾಳೆ. ಆದರೆ ಕಳೆದ ನಾಲ್ಕು ಮೀಟ್‌ಗಳಲ್ಲೂ ಒಂದೇ ಕಥೆ. ಮೊದಲ ಎರಡು ಜಿಗಿತ ಫೌಲ್, ಅಂದರೆ ಹಾರಬೇಕಾದ ಹಲಗೆಯನ್ನು (ಬೋರ್ಡ್) ಕಾಲು ದಾಟಿಬಿಡುತ್ತದೆ, ಜಿಗಿತ ಲೆಕ್ಕಕ್ಕಿಲ್ಲ. ಮೂರನೆಯದಕ್ಕೆ ಹೆದರಿಕೊಂಡು ಬೋರ್ಡ್‌ಗಿಂತ ತುಂಬಾ ಹಿಂದಿನಿಂದಲೇ ಹಾರಿ 4.90ರ ಆಸುಪಾಸು. ಅಲ್ಲಿಗೆ ಮುಗಿಯಿತು. ‘ಟೆನ್ಷನ್ ಮಾಡ್ಕೋಬೇಡ, ಫೌಲ್ ಮಾಡಬೇಡ, ನಿನ್ನ ಮೇಲೆ ನಂಬಿಕೆ ಇಡು’ ಅಂತ ಪ್ರತಿ ಸಲ ಹೇಳುತ್ತೇನೆ. ಹಿಂದಿನ ರಾತ್ರಿ ಉಸಿರಾಟದ ವ್ಯಾಯಾಮವನ್ನೂ ಮಾಡಿಸಿದೆ. ಕಳೆದ ಸಲ ಅಳುತ್ತಾ ‘ರನ್‌ವೇ ಮೇಲೆ ನಿಂತ ಕೂಡಲೇ ಕಾಲು ನನ್ನದಲ್ಲ ಅನ್ನಿಸುತ್ತೆ ಸರ್’ ಅಂದಳು. ಮನೋಬಲ ಹುಟ್ಟಿನಿಂದಲೇ ಬರುವುದಾ? ಮನಶ್ಶಾಸ್ತ್ರಜ್ಞರ ಬಳಿ ಕಳಿಸಬೇಕಾ? ಮುಂದಿನ ಮೀಟ್‌ಗೆ ಆರು ವಾರ ಇದೆ.

ಉತ್ತರ: ಮೊದಲು ಆ ಹುಡುಗಿಯ ಮಾತಿಗೇ ಬರೋಣ. ‘ಕಾಲು ನನ್ನದಲ್ಲ ಅನ್ನಿಸುತ್ತೆ.’ ನಿಮ್ಮ ಇಡೀ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಸಾಲು ಅದು. ‘ಭಯ ಆಗುತ್ತೆ’ ಅಂತ ಅವಳು ಹೇಳಲಿಲ್ಲ, ‘ನನ್ನ ಕೈಲಾಗಲ್ಲ’ ಅಂತಲೂ ಹೇಳಲಿಲ್ಲ. ಕಾಲಿನ ಬಗ್ಗೆ ಹೇಳಿದಳು. ಅಂದರೆ ಆ ಹೊತ್ತಿನಲ್ಲಿ ಅವಳ ಗಮನ ಎಲ್ಲಿರುತ್ತೆ ಅನ್ನುವುದನ್ನು ತಾನೇ ಬಾಯಿಬಿಟ್ಟು ಹೇಳಿದ್ದಾಳೆ. ಅಳುತ್ತಾ ಹೇಳಿದ್ದರಿಂದ ನೀವು ಅಳುವನ್ನು ಕೇಳಿಸಿಕೊಂಡಿರಿ, ಮಾತು ತಪ್ಪಿಹೋಯಿತು. ಇದು ನಮಗೆಲ್ಲ ಆಗುವಂಥದ್ದೇ.

ಅವಳ ಮನಸ್ಸು ದುರ್ಬಲ ಅಂತ ತೀರ್ಮಾನ ಮಾಡುವ ಮೊದಲು ಒಂದು ಟೇಪ್ ತಗೊಳ್ಳಿ. ನಿಜವಾಗಿಯೂ ಹೇಳುತ್ತಿದ್ದೇನೆ, ಅಳತೆ ಟೇಪ್. ಅವಳ ರನ್ ಅಪ್, ಅಂದರೆ ಜಿಗಿತದ ಮುಂಚಿನ ಓಟ, 16 ಹೆಜ್ಜೆ ಅಂತ ಇಟ್ಟುಕೊಳ್ಳೋಣ. ಸ್ಪರ್ಧೆಯ ದಿನ ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಓಟಕ್ಕೆ ಜೋರು ಬರುತ್ತದೆ, ಹೆಜ್ಜೆ ಅವಳಿಗೆ ಗೊತ್ತಿಲ್ಲದೆಯೇ ಒಂಚೂರು ಉದ್ದವಾಗುತ್ತದೆ. ಒಂದೊಂದು ಹೆಜ್ಜೆ ಬರೀ 3 ಸೆಂಟಿಮೀಟರ್ ಉದ್ದವಾದರೂ 16 ಹೆಜ್ಜೆಗೆ 48 ಸೆಂಟಿಮೀಟರ್ ಆಯಿತು. ಬೋರ್ಡ್‌ನ ಅಗಲ ಎಷ್ಟು? 20 ಸೆಂಟಿಮೀಟರ್. ಓಟ ಶುರು ಮಾಡಲು ಹಾಕಿಕೊಂಡ, ಅಭ್ಯಾಸದ ದಿನ ಸರಿಯಾಗಿ ಕೂರುವ ಗುರುತು ಸ್ಪರ್ಧೆಯ ದಿನ ಅವಳನ್ನು ಬೋರ್ಡ್ ದಾಟಿಸಿಬಿಡುತ್ತದೆ. ಇದರಲ್ಲಿ ಮನೋಬಲದ ಮಾತೇ ಇಲ್ಲ. ಹುಮ್ಮಸ್ಸು ಬಂದ ದೇಹಕ್ಕೆ ಹಳೆಯ ಗುರುತು ಸಾಲುತ್ತಿಲ್ಲ, ಅಷ್ಟೇ. ಮುಂದಿನ ಮೀಟ್‌ನ ವಾರ್ಮ್ ಅಪ್‌ನಲ್ಲಿ ಅವಳು ಪೂರ್ತಿ ವೇಗದಲ್ಲಿ ಎರಡು ಸಲ ಓಡಲಿ. ಬೋರ್ಡ್ ಹತ್ತಿರ ಯಾವ ಕಾಲು ಎಲ್ಲಿ ಬಿತ್ತು ಅಂತ ನೀವು ನೋಡಿ, ಗುರುತನ್ನು ಹಿಂದಕ್ಕೆ ಸರಿಸಲು ಹೇಳಿ. ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ಇನ್ನೂ ಸ್ವಲ್ಪ ಹಿಂದಕ್ಕೆ. ನಾಲ್ಕು ಮೀಟ್‌ನ ಎಂಟು ಫೌಲ್‌ಗಳಲ್ಲಿ ಕೆಲವಾದರೂ ಇಷ್ಟರಿಂದಲೇ ತಪ್ಪುತ್ತಿದ್ದವು ಅನ್ನುವುದು ನನ್ನ ಅನಿಸಿಕೆ.

ಆದರೆ ಅದೊಂದೇ ಆಗಿದ್ದರೆ ‘ಕಾಲು ನನ್ನದಲ್ಲ’ ಅನ್ನುವ ಮಾತು ಬರುತ್ತಿರಲಿಲ್ಲ.

1982ರಲ್ಲಿ ಡೇವಿಡ್ ಲೀ ಅನ್ನುವ ಸಂಶೋಧಕರು ಮತ್ತು ಅವರ ಜೊತೆಗಾರರು ಲಾಂಗ್ ಜಂಪ್ ಆಟಗಾರರ ಓಟವನ್ನು ಹೆಜ್ಜೆ ಹೆಜ್ಜೆಯಾಗಿ ಅಳೆದು ನೋಡಿದರು. ಓಟದ ಹೆಚ್ಚಿನ ಭಾಗದಲ್ಲಿ ಹೆಜ್ಜೆಗಳು ಒಂದೇ ತೆರನಾಗಿದ್ದವು. ಆದರೂ ಸಣ್ಣ ಸಣ್ಣ ವ್ಯತ್ಯಾಸ ಕೂಡಿಕೊಂಡು ಹೋಗುತ್ತಿತ್ತು. ಕೊನೆಯ ಕೆಲವು ಹೆಜ್ಜೆಗಳಲ್ಲಿ ಆಟಗಾರರು ಬೋರ್ಡನ್ನು ಕಣ್ಣಿನಿಂದಲೇ ಅಂದಾಜು ಮಾಡಿ, ಹೆಜ್ಜೆಯನ್ನು ತಕ್ಕಂತೆ ಹೊಂದಿಸಿಕೊಳ್ಳುತ್ತಿದ್ದರು. ಯಾರೂ ಲೆಕ್ಕ ಹಾಕಿ ಮಾಡುವ ಕೆಲಸ ಅಲ್ಲ ಅದು. ಕತ್ತಲೆಯಲ್ಲಿ ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಎಲ್ಲಿ ಅಂತ ತಡವರಿಸುತ್ತೇವೆ, ಬೆಳಕಿದ್ದರೆ ಅದರ ಯೋಚನೆಯೇ ಬರುವುದಿಲ್ಲ, ಅಲ್ವಾ? ಹಾಗೆ. ಕಣ್ಣು ನೋಡುತ್ತೆ, ಕಾಲು ಮಾಡುತ್ತೆ. ನಡುವೆ ‘ಕಾಲು ಎಲ್ಲಿ ಬೀಳುತ್ತೋ’ ಅನ್ನುವ ಚಿಂತೆ ಬಂತು ಅಂದರೆ ಈ ಹೊಂದಾಣಿಕೆ ಕೆಟ್ಟುಹೋಗುತ್ತದೆ. ಅವಳು ಓಡುವುದನ್ನು ಬಿಟ್ಟು ಕಾಲಿನ ಕಾವಲು ಕಾಯಲು ಶುರು ಮಾಡುತ್ತಾಳೆ. ವರ್ಷಗಟ್ಟಲೆ ತಾನಾಗಿಯೇ ಆಗುತ್ತಿದ್ದ ಕೆಲಸವನ್ನು ಒಂದೊಂದಾಗಿ ಕೈಯಿಂದ ಮಾಡಲು ಹೋದಾಗ ಕಾಲು ಪರಕೀಯ ಅನ್ನಿಸುವುದು ಸಹಜ.

ಇದರ ಬಗ್ಗೆ ಗೇಬ್ರಿಯೆಲೆ ವುಲ್ಫ್ ಅನ್ನುವ ಸಂಶೋಧಕಿ 1990ರ ದಶಕದಿಂದಲೇ ತುಂಬಾ ಕೆಲಸ ಮಾಡಿದ್ದಾರೆ. ಗಮನ ನಮ್ಮ ಮೈಯ ಒಳಗಿನ ಚಲನೆಯ ಮೇಲಿದ್ದಾಗ ಆಟ ಬಿಗಿಯಾಗುತ್ತದೆ, ಹೊರಗಿನ ಗುರಿಯ ಮೇಲಿದ್ದಾಗ ಸಡಿಲವಾಗುತ್ತದೆ ಅನ್ನುವುದು ಅದರ ಸಾರ. ನಿಂತಲ್ಲಿಂದಲೇ ಹಾರುವ ಜಿಗಿತದ ಮೇಲೆ 2010ರಲ್ಲಿ ಬಂದ ಒಂದು ಪ್ರಯೋಗ ನಿಮ್ಮ ಕೆಲಸಕ್ಕೆ ಹತ್ತಿರವಾದದ್ದು. ಒಂದು ಗುಂಪಿಗೆ ‘ಮೊಣಕಾಲನ್ನು ಆದಷ್ಟು ಬೇಗ ಚಾಚುವುದರ ಮೇಲೆ ಗಮನ ಇಡಿ’ ಅಂದರು. ಇನ್ನೊಂದು ಗುಂಪಿಗೆ ‘ಶುರುವಿನ ಗೆರೆಯಿಂದ ಆದಷ್ಟು ದೂರ ಹೋಗುವುದರ ಮೇಲೆ ಗಮನ ಇಡಿ’ ಅಂದರು. ಎರಡನೇ ಗುಂಪು ಸರಾಸರಿ ಸುಮಾರು 10 ಸೆಂಟಿಮೀಟರ್ ಜಾಸ್ತಿ ಹಾರಿತು. ಎರಡು ಗುಂಪಿಗೂ ಕೊಟ್ಟ ಸೂಚನೆಯಲ್ಲಿ ಬಿಟ್ಟರೆ ಬೇರೆ ವ್ಯತ್ಯಾಸ ಇರಲಿಲ್ಲ. ಕೋಚ್ ಬಾಯಿಂದ ಬರುವ ಒಂದು ಸಾಲಿಗೆ 10 ಸೆಂಟಿಮೀಟರ್ ತೂಕ ಇದೆ ಅಂತಾಯಿತು.

ಹಾಗಿದ್ದರೆ ನಿಮ್ಮ ಸಾಲುಗಳನ್ನು ನೋಡೋಣ. ‘ಫೌಲ್ ಮಾಡಬೇಡ.’

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ. ಆದರೆ ಆ ಮಾತಿನ ಒಳಗೆ ಒಂದು ಚಿತ್ರ ಇದೆ, ಬೋರ್ಡ್ ದಾಟಿದ ಕಾಲಿನ ಚಿತ್ರ. ‘ಬೇಡ’ ಅನ್ನುವುದನ್ನು ಮನಸ್ಸು ಆಮೇಲೆ ಸೇರಿಸಿಕೊಳ್ಳುತ್ತೆ, ಚಿತ್ರ ಮೊದಲು ಬಂದು ಕೂತಿರುತ್ತದೆ. ಡೇನಿಯಲ್ ವೆಗ್ನರ್ ಅನ್ನುವ ಮನಶ್ಶಾಸ್ತ್ರಜ್ಞರು 1987ರಲ್ಲಿ ಜನರಿಗೆ ‘ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ’ ಅಂದರು. ಎಲ್ಲರಿಗೂ ಬಿಳಿ ಕರಡಿಯೇ ನೆನಪಾಗುತ್ತಿತ್ತು. ಮುಂದೆ 1998ರಲ್ಲಿ ಇದನ್ನೇ ಗಾಲ್ಫ್ ಚೆಂಡಿನ ಮೇಲೆ ನೋಡಿದರು. ‘ಚೆಂಡು ಗುರಿ ದಾಟಿ ಹೋಗಬಾರದು’ ಅಂತ ಹೇಳಿ, ಜೊತೆಗೆ ತಲೆಗೆ ಬೇರೊಂದು ಕೆಲಸವನ್ನೂ ಕೊಟ್ಟಾಗ ಚೆಂಡು ಗುರಿ ದಾಟುವ ಕಡೆಗೇ ವಾಲಿತು. ತಲೆ ಖಾಲಿ ಇದ್ದಾಗ ಇಂಥ ಮಾತನ್ನು ಹೇಗೋ ನಿಭಾಯಿಸಬಹುದು. ಸ್ಪರ್ಧೆಯಲ್ಲಿ ಯಾರ ತಲೆ ಖಾಲಿ ಇರುತ್ತೆ ಹೇಳಿ. ಮೈಕಿನಲ್ಲಿ ಹೆಸರು ಕೂಗುತ್ತಿರುತ್ತಾರೆ, ಪಕ್ಕದ ಟ್ರ್ಯಾಕ್‌ನಲ್ಲಿ ರಿಲೇ ನಡೆಯುತ್ತಿರುತ್ತದೆ, ಅಪ್ಪ ಅಮ್ಮ ಗ್ಯಾಲರಿಯಲ್ಲಿ ಕೂತಿರುತ್ತಾರೆ. ಅದರ ನಡುವೆ ನಿಮ್ಮ ‘ಬೇಡ’.

ಬದಲಿಗೆ ಅವಳು ಮಾಡಬೇಕಾದದ್ದನ್ನು ಹೇಳಿ, ಅದೂ ಮೈಯಿಂದ ಹೊರಗಿನದ್ದು. ‘ಮರಳಿನ ಆಚೆ ತುದಿಯ ಕಡೆ ಓಡು.’ ‘ಬೋರ್ಡನ್ನು ಹಿಂದಕ್ಕೆ ತಳ್ಳು.’ ಒಂದೇ ಸಾಕು. ಯಾವುದು ಅನ್ನುವುದನ್ನು ಅವಳೇ ಆರಿಸಲಿ, ಅವಳ ಬಾಯಿಗೆ ಹತ್ತಿರವಾದ ಮಾತಾಗಿರಲಿ. ಟೇಕ್ ಆಫ್ ತಂತ್ರದಲ್ಲಿ ತಿದ್ದಬೇಕಾದದ್ದು ಇದ್ದರೆ ಅದನ್ನು ವಾರದ ನಡುವಿನ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಮೀಟ್ ದಿನ ತಂತ್ರದ ಪಾಠ ಬೇಡವೇ ಬೇಡ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು, ಯಾಕೆಂದರೆ ನಿಮ್ಮ ಪತ್ರ ಓದುವಾಗ ಅದೇ ನೆನಪಾಯಿತು. ಕೋಚಿಂಗ್ ಶುರು ಮಾಡಿದ ಹೊಸದರಲ್ಲಿ ನಾನು ಪ್ರತಿ ಜಿಗಿತದ ಬೆನ್ನಿಗೇ ಮಾತಾಡುತ್ತಿದ್ದೆ. ಮೊಣಕಾಲು ಮೇಲೆ, ಎದೆ ಮುಂದೆ, ತೋಳು ತಡವಾಯಿತು, ಕೊನೆಯ ಹೆಜ್ಜೆ ಚಿಕ್ಕದು ಮಾಡು. ಒಳ್ಳೆಯ ಕೋಚ್ ಅಂದರೆ ಎಲ್ಲವನ್ನೂ ಕಾಣುವವನು, ಕಂಡಿದ್ದನ್ನೆಲ್ಲ ಹೇಳುವವನು ಅಂತ ನಂಬಿದ್ದೆ. ಒಂದು ಸಂಜೆ ಒಬ್ಬ ಹುಡುಗ ಚೆನ್ನಾಗಿ ಹಾರಿದ. ಮರಳಿನಲ್ಲಿ ಬಿದ್ದವನು ಇನ್ನೂ ಎದ್ದಿರಲಿಲ್ಲ. ಮೊಣಕಾಲು ಮರಳಿನಲ್ಲೇ ಇತ್ತು, ಹಿಂದೆ ತಿರುಗಿ ತಾನು ಬಿದ್ದ ಗುರುತನ್ನೂ ನೋಡಲಿಲ್ಲ. ಸೀದಾ ನನ್ನ ಮುಖ ನೋಡಿದ. ನಾನು ಹುಬ್ಬು ಗಂಟಿಕ್ಕಿದ್ದೆ ಅಂತ ಕಾಣುತ್ತೆ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಅವನ ಭುಜ ಇಳಿದುಹೋಯಿತು. ಟೇಪ್ ಹಿಡಿದವರು ಅಳತೆ ಕೂಗಿದಾಗ ಅದು ಅವನ ಜೀವನದ ಅತಿ ಉದ್ದದ ಜಿಗಿತ. ಅವನಿಗೆ ಅದು ಗೊತ್ತೇ ಆಗಿರಲಿಲ್ಲ. ತನ್ನ ಜಿಗಿತ ಹೇಗಿತ್ತು ಅಂತ ತಿಳಿಯಲು ಅವನಿಗೆ ಇದ್ದ ಒಂದೇ ದಾರಿ ನನ್ನ ಮುಖ. ಎರಡು ವರ್ಷ ಕೂತು ಆ ದಾರಿ ಮಾಡಿಕೊಟ್ಟವನು ನಾನೇ. ಆ ಹುಡುಗ ಸ್ಪರ್ಧೆಗೆ ಹೋದಾಗ ನನ್ನ ಮುಖ ಅವನಿಂದ 40 ಮೀಟರ್ ದೂರ ಇರುತ್ತಿತ್ತು.

ಅವತ್ತಿನಿಂದ ನಾನು ಬದಲಾಯಿಸಿದ್ದು ಒಂದೇ. ಜಿಗಿತ ಆದ ಮೇಲೆ ಬಾಯಿ ಮುಚ್ಚಿಕೊಂಡು ಕಾಯುವುದು. ಆಟಗಾರ ನಡೆದು ವಾಪಸ್ ಬರುವ ತನಕ ಸುಮ್ನೆ ಇರುವುದು. ಆಮೇಲೆ ಒಂದು ಪ್ರಶ್ನೆ: ‘ಬೋರ್ಡ್ ಮೇಲೆ ಎಲ್ಲಿ ಬಿತ್ತು ಅನ್ನಿಸಿತು?’ ಅವರು ಹೇಳುತ್ತಾರೆ, ಆಮೇಲೆ ವಿಡಿಯೋ ಅಥವಾ ಗುರುತು ನೋಡುತ್ತೇವೆ. ಮೊದಮೊದಲು ಅಂದಾಜು ತೀರಾ ತಪ್ಪುತ್ತಿತ್ತು. ಒಂದೆರಡು ತಿಂಗಳಲ್ಲಿ ಬಹಳ ಹತ್ತಿರ ಬಂತು. ಕಲಿಕೆಯ ಸಂಶೋಧನೆ ಕೂಡ ಇದನ್ನೇ ಹೇಳುತ್ತದೆ. ಪ್ರತಿ ಪ್ರಯತ್ನಕ್ಕೂ ಫೀಡ್‌ಬ್ಯಾಕ್ ಕೊಟ್ಟರೆ ಆ ಹೊತ್ತಿಗೆ ಚೆನ್ನಾಗಿ ಕಾಣುತ್ತದೆ, ಫೀಡ್‌ಬ್ಯಾಕ್ ತೆಗೆದ ದಿನ ಕುಸಿಯುತ್ತದೆ. 1990ರಲ್ಲಿ ವಿನ್‌ಸ್ಟೀನ್ ಮತ್ತು ಷ್ಮಿಟ್ ಮಾಡಿದ ಪ್ರಯೋಗದಲ್ಲಿ ಅರ್ಧದಷ್ಟು ಪ್ರಯತ್ನಗಳಿಗೆ ಮಾತ್ರ ಫೀಡ್‌ಬ್ಯಾಕ್ ಸಿಕ್ಕವರು, ಪ್ರತಿ ಸಲವೂ ಸಿಕ್ಕವರಿಗಿಂತ ಆಮೇಲಿನ ಪರೀಕ್ಷೆಯಲ್ಲಿ ಮುಂದಿದ್ದರು. ಸ್ಪರ್ಧೆ ಅಂದರೆ ಫೀಡ್‌ಬ್ಯಾಕ್ ತೆಗೆದ ದಿನವೇ ತಾನೇ.

‘ಹಾಗಾದರೆ ಮಾತೇ ಆಡಬಾರದಾ, ಬರೀ ಹೊಗಳಬೇಕಾ’ ಅಂತ ಕೆಲವು ಕೋಚ್‌ಗಳು ಕೇಳುತ್ತಾರೆ. ಎರಡೂ ಅಲ್ಲ. ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ವುಡನ್ ಹೆಸರು ಕೇಳಿರುತ್ತೀರಿ, ಅವರ ಯುಸಿಎಲ್‌ಎ ತಂಡ 12 ವರ್ಷದಲ್ಲಿ 10 ಸಲ ಅಮೆರಿಕದ ಕಾಲೇಜು ಚಾಂಪಿಯನ್ ಆಯಿತು. 1974-75ರ ಸೀಸನ್‌ನಲ್ಲಿ ಇಬ್ಬರು ಸಂಶೋಧಕರು ಅವರ ಅಭ್ಯಾಸಕ್ಕೆ ಹೋಗಿ ಕೂತು, ಅವರು ಆಡಿದ ಒಂದೊಂದು ಮಾತನ್ನೂ ಗುರುತು ಹಾಕಿಕೊಂಡರು. ಎರಡು ಸಾವಿರಕ್ಕೂ ಹೆಚ್ಚು ಮಾತುಗಳು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಬರೀ ಮಾಹಿತಿ: ಏನು ಮಾಡಬೇಕು, ಹೇಗೆ ಮಾಡಬೇಕು. ಹೊಗಳಿಕೆ ಸುಮಾರು 7 ಶೇಕಡಾ, ಬೈಗುಳ ಕೂಡ ಹೆಚ್ಚುಕಡಿಮೆ ಅಷ್ಟೇ. ಮಾತು ಚಿಕ್ಕದಾಗಿರುತ್ತಿತ್ತು, ಆಟ ನಿಲ್ಲುತ್ತಿರಲಿಲ್ಲ. ಯಾರಿಗೆ ಏನು ಹೇಳಬೇಕು ಅನ್ನುವುದನ್ನು ಅಭ್ಯಾಸಕ್ಕೆ ಬರುವ ಮೊದಲೇ ಕೂತು ಯೋಚಿಸಿ ಬರುತ್ತಿದ್ದರು. ‘ಸೂಪರ್’, ‘ಭೇಷ್’ ಅನ್ನುವುದರಿಂದ ಮಕ್ಕಳಿಗೆ ಖುಷಿಯಾಗುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಯಾವುದು ಸೂಪರ್ ಅಂತ ಗೊತ್ತಾಗದಿದ್ದರೆ ಅದನ್ನು ಮತ್ತೆ ಮಾಡುವುದು ಹೇಗೆ?

ಇನ್ನು ಫೌಲ್ ಆದ ಮೇಲಿನ ಆ ಕೆಲವು ನಿಮಿಷ. ನಿಮ್ಮ ಹುಡುಗಿಯ ವಿಷಯದಲ್ಲಿ ನಿಜವಾದ ಗಂಟು ಇಲ್ಲೇ ಇದೆ ಅಂತ ನನಗೆ ಅನ್ನಿಸುವುದು. ಮೊದಲ ಫೌಲ್‌ಗೆ ಕಾರಣ ಉದ್ದವಾದ ಹೆಜ್ಜೆ ಇರಬಹುದು. ಎರಡನೆಯದಕ್ಕೆ ಮೊದಲನೆಯದೇ ಕಾರಣ. ಮೂರನೆಯದಕ್ಕೆ ಎರಡೂ. ಕೆಂಪು ಬಾವುಟ ಏರಿದಾಗ ಅವಳು ಯಾರ ಕಡೆ ನೋಡುತ್ತಾಳೆ, ಅಲ್ಲಿ ಏನು ಕಾಣುತ್ತಾಳೆ? ಅಭ್ಯಾಸದಲ್ಲಿ ಫೌಲ್ ಆದಾಗ ನೀವು ಏನು ಮಾಡುತ್ತೀರಿ? ನಾಲಿಗೆ ಲೊಚಗುಟ್ಟುತ್ತೀರಾ? ‘ಮತ್ತೆ ಅದೇನಾ’ ಅನ್ನುತ್ತೀರಾ? ತಪ್ಪು ಅಂದರೆ ನಾಚಿಕೆಯ ವಿಷಯ ಅಂತ ಅಭ್ಯಾಸದಲ್ಲೇ ಕಲಿತ ಮಗು, ಸ್ಪರ್ಧೆಯಲ್ಲಿ ತಪ್ಪಾದ ಮೇಲೆ ಮುಂದಿನ ಜಿಗಿತವನ್ನು ಮಾಡುವುದಿಲ್ಲ, ಹಿಂದಿನದರಿಂದ ಬಚ್ಚಿಟ್ಟುಕೊಳ್ಳುತ್ತದೆ. ಬೋರ್ಡ್‌ಗಿಂತ ಅಷ್ಟು ಹಿಂದಿನಿಂದ ಹಾರುವುದು ಅಂದರೆ ಅದೇ.

ಅಮೆರಿಕದಲ್ಲಿ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮೋಲ್ ಅನ್ನುವವರು 1970ರ ದಶಕದಿಂದ ಮಕ್ಕಳ ಬೇಸ್‌ಬಾಲ್ ಕೋಚ್‌ಗಳ ಜೊತೆ ಕೆಲಸ ಮಾಡಿದರು. ಕೋಚ್‌ಗಳಿಗೆ ಕಲಿಸಿದ್ದು ದೊಡ್ಡ ವಿದ್ಯೆ ಏನಲ್ಲ. ಪ್ರಯತ್ನವನ್ನು ಗುರುತಿಸಿ ಹೇಳಿ, ತಪ್ಪಾದ ಕೂಡಲೇ ಮೊದಲು ಧೈರ್ಯ ಕೊಟ್ಟು ಆಮೇಲೆ ತಿದ್ದಿ, ಶಿಕ್ಷೆ ಮತ್ತು ಚುಚ್ಚುಮಾತು ಬಿಡಿ. ಇಷ್ಟೇ, ಕೆಲವು ಗಂಟೆಗಳ ತರಬೇತಿ. ಮುಂದೆ 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಕಲಿತ ಕೋಚ್‌ಗಳ ಮಕ್ಕಳಲ್ಲಿ ಮುಂದಿನ ವರ್ಷ ಆಟ ಬಿಟ್ಟವರು 5 ಶೇಕಡಾ. ಕಲಿಯದ ಕೋಚ್‌ಗಳ ಮಕ್ಕಳಲ್ಲಿ 26 ಶೇಕಡಾ. ಸೋಲು ಗೆಲುವಿನಲ್ಲಿ ತಂಡಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನನಗೆ ಈ ಅಂಕಿ ಯಾವಾಗಲೂ ಕಾಡುತ್ತದೆ. ನಾಲ್ಕರಲ್ಲಿ ಒಂದು ಮಗು ಎದ್ದು ಹೋಗುವುದು ಆಟ ಬೇಡ ಅಂತಲ್ಲ, ತಪ್ಪು ಮಾಡಿದಾಗ ಕೇಳಿಬರುವ ಆ ಧ್ವನಿ ಬೇಡ ಅಂತ.

ಅವಳಿಗೆ ಒಂದು ವಿಷಯ ತೋರಿಸಿ. 1991ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೈಕ್ ಪೊವೆಲ್ 8.95 ಮೀಟರ್ ಹಾರಿ ಮಾಡಿದ ವಿಶ್ವ ದಾಖಲೆ ಇವತ್ತಿಗೂ ಹಾಗೇ ಇದೆ. ಎಲ್ಲರಿಗೂ ಆ ಒಂದು ಅಂಕಿ ಗೊತ್ತು. ಅವತ್ತಿನ ಅವರ ಆರೂ ಜಿಗಿತಗಳ ಪಟ್ಟಿ ನೋಡಿ: 7.85, 8.54, 8.29, ಫೌಲ್, 8.95, ಫೌಲ್. ದಾಖಲೆಯ ಹಿಂದಿನ ಜಿಗಿತ ಫೌಲ್, ಮುಂದಿನದೂ ಫೌಲ್. ಅದರ ಜೊತೆಗೆ ನಾಲ್ಕನೇ ಸುತ್ತಿನಲ್ಲಿ ಎದುರಾಳಿ ಕಾರ್ಲ್ ಲೂಯಿಸ್ ಗಾಳಿಯ ನೆರವಿನಿಂದ 8.91 ಹಾರಿದ್ದರು, ಹತ್ತು ವರ್ಷದಿಂದ ಲಾಂಗ್ ಜಂಪ್‌ನಲ್ಲಿ ಸೋಲನ್ನೇ ಕಾಣದ ಮನುಷ್ಯ. ಅದಾದ ಮೇಲೆ ಪೊವೆಲ್ ರನ್‌ವೇ ಮೇಲೆ ಬಂದು ನಿಂತರು. ಹಿಂದಿನ ಫೌಲ್‌ಗೆ ಹೆದರಿ ಬೋರ್ಡ್‌ನಿಂದ ಅರ್ಧ ಮೀಟರ್ ಹಿಂದೆ ಸರಿದು ಹಾರಿದ್ದರೆ ಆ ಅಂಕಿ ಇರುತ್ತಿರಲಿಲ್ಲ. ಈ ಆರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಅವಳ ಕಿಟ್ ಬ್ಯಾಗಿನಲ್ಲಿ ಇಡಿ. ಉಪದೇಶ ಬೇಡ, ಚೀಟಿ ಸಾಕು.

‘ಟೆನ್ಷನ್ ಮಾಡ್ಕೋಬೇಡ’ ಅನ್ನುವುದಕ್ಕೆ ಬರುತ್ತೇನೆ. ಎದೆ ಹೊಡೆದುಕೊಳ್ಳುತ್ತಿರುವ ಹುಡುಗಿಗೆ ಇದನ್ನು ಹೇಳಿದರೆ ಅವಳಿಗೆ ಎರಡು ತೊಂದರೆ. ಒಂದು, ಎದೆ ಹೊಡೆದುಕೊಳ್ಳುವುದು ನಿಲ್ಲುವುದಿಲ್ಲ. ಎರಡು, ನಿಲ್ಲದೇ ಇರುವುದು ತನ್ನದೇ ತಪ್ಪು ಅನ್ನಿಸುತ್ತದೆ. 2014ರಲ್ಲಿ ಅಲಿಸನ್ ವುಡ್ ಬ್ರೂಕ್ಸ್ ಮಾಡಿದ ಪ್ರಯೋಗಗಳಲ್ಲಿ, ಹಾಡುವ ಮೊದಲು, ಭಾಷಣದ ಮೊದಲು, ಗಣಿತದ ಪರೀಕ್ಷೆಯ ಮೊದಲು ‘ನಾನು ಶಾಂತವಾಗಿದ್ದೇನೆ’ ಅಂತ ಹೇಳಿಕೊಳ್ಳಲು ಹೊರಟವರಿಗಿಂತ, ‘ನನಗೆ ಹುರುಪು ಬಂದಿದೆ’ ಅಂದುಕೊಂಡವರು ಚೆನ್ನಾಗಿ ಮಾಡಿದರು. ಅದು ಕ್ರೀಡಾಂಗಣ ಅಲ್ಲ, ನಿಜ. ಆದರೂ ಜಿಗಿತಗಾರರ ಜೊತೆ ನಾನು ಕಂಡದ್ದು ಅದೇ. ಭಯಕ್ಕೂ ಹುರುಪಿಗೂ ಮೈ ತೋರಿಸುವ ಲಕ್ಷಣ ಹೆಚ್ಚುಕಡಿಮೆ ಒಂದೇ. ಅದಕ್ಕೆ ನಾವಿಡುವ ಹೆಸರು ಬೇರೆ. ಲಾಂಗ್ ಜಂಪ್‌ಗೆ ಆ ವೇಗ ಬೇಕು, ಆ ಬಿಸಿ ಬೇಕು. ‘ಎದೆ ಹೊಡ್ಕೊಳ್ತಿದೆಯಾ? ಒಳ್ಳೇದು, ಕಾಲಿಗೆ ಪೆಟ್ರೋಲ್ ಬಂತು’ ಅಂತ ನಾನು ನಗುತ್ತಲೇ ಹೇಳುವುದುಂಟು.

ಉಸಿರಾಟದ ವ್ಯಾಯಾಮ ಒಳ್ಳೆಯದೇ, ನೀವು ಆರಿಸಿದ ಹೊತ್ತು ಸರಿ ಇರಲಿಲ್ಲ. ಹಿಂದಿನ ರಾತ್ರಿ ಮೊದಲ ಸಲ ಮಾಡಿಸಿದ್ದು ಮರುದಿನ ಬೆಳಿಗ್ಗೆ ಕೈಗೆ ಸಿಗುವುದಿಲ್ಲ. ಮೀಟ್‌ನ ಹಿಂದಿನ ರಾತ್ರಿ ಹೊಸ ಶೂ ಕೊಡುತ್ತೀರಾ? ಇದೂ ಹಾಗೆಯೇ. ಮನಸ್ಸಿನ ಅಭ್ಯಾಸಗಳಿಗೂ ವಾರಗಳು ಬೇಕು, ಸಾವಿರ ಸಲ ಮಾಡಿ ಬೇಸರ ಬರುವಷ್ಟು ಮಾಡಬೇಕು.

ಹಾಗಾಗಿ ಈ ಆರು ವಾರದಲ್ಲಿ ಕಟ್ಟಬೇಕಾದದ್ದು ಜಿಗಿತದ ಮುಂಚಿನ ಒಂದು ಕ್ರಮ. ಹೆಸರು ಕರೆದ ಮೇಲೆ ಜಿಗಿತ ಶುರು ಮಾಡಲು ಅವಳಿಗೆ ಸಿಗುವುದು ಒಂದು ನಿಮಿಷ. ಹೆದರಿದವರಿಗೆ ಅದು ಎರಡು ರೀತಿಯಲ್ಲಿ ಕೈಕೊಡುತ್ತದೆ. ಕೆಲವರು ಹತ್ತು ಸೆಕೆಂಡಿನಲ್ಲೇ ಓಡಿಬಿಡುತ್ತಾರೆ, ಮುಗಿದರೆ ಸಾಕು ಅಂತ. ಕೆಲವರು ಗಡಿಯಾರ ನೋಡುತ್ತಾ ನಿಂತು ಕೊನೆಯ ಗಳಿಗೆಯಲ್ಲಿ ಗಾಬರಿ ಬೀಳುತ್ತಾರೆ. ನಾನು ಒಬ್ಬ ಆಟಗಾರ್ತಿಯ ಜೊತೆ ಕೂತು ಮಾಡಿದ್ದು ಹೀಗಿತ್ತು. ಗುರುತಿನ ಹಿಂದೆ ಎರಡು ಹೆಜ್ಜೆ ದೂರ ನಿಲ್ಲುವುದು, ಅದು ಯೋಚನೆಗೆ ಮೀಸಲಾದ ಜಾಗ. ಗಾಳಿ ಹೇಗಿದೆ, ಗುರುತು ಸರಿ ಇದೆಯಾ, ಏನು ಚಿಂತೆ ಇದ್ದರೂ ಅಲ್ಲೇ. ಆಮೇಲೆ ಎರಡು ಉಸಿರು, ಬಿಡುವ ಉಸಿರು ಎಳೆದುಕೊಳ್ಳುವುದಕ್ಕಿಂತ ಉದ್ದ, ಭುಜ ಇಳಿಯುವ ತನಕ. ಕಣ್ಣು ಮರಳಿನ ಆಚೆ ತುದಿಗೆ. ಓಟದ ಕೊನೆಯ ನಾಲ್ಕು ಹೆಜ್ಜೆಯ ತಾಳವನ್ನು ಮನಸ್ಸಿನಲ್ಲೇ ಒಮ್ಮೆ ಕೇಳಿಸಿಕೊಳ್ಳುವುದು. ಆಮೇಲೆ ಗುರುತಿನ ಮೇಲೆ ಕಾಲಿಡುವುದು. ಕಾಲಿಟ್ಟ ಮೇಲೆ ಯೋಚನೆ ಇಲ್ಲ, ತನ್ನ ಒಂದು ಮಾತು ಹೇಳಿಕೊಂಡು ಓಟ. ಯೋಚನೆ ಮತ್ತೆ ಬಂದರೆ? ಹಿಂದಕ್ಕೆ ಎರಡು ಹೆಜ್ಜೆ ಬಂದು ಮತ್ತೆ ಶುರು. ಸಮಯ ಇರುತ್ತದೆ, ಇಡೀ ಕ್ರಮಕ್ಕೆ 25 ಸೆಕೆಂಡು ಸಾಕು. ಅವಳು ಇದನ್ನು ಅಭ್ಯಾಸದ ಪ್ರತಿ ಜಿಗಿತಕ್ಕೂ ಮಾಡಿದಳು. ಯಾರೂ ನೋಡದ ದಿನವೂ, ಸುಸ್ತಾದ ದಿನವೂ. ನಿಮ್ಮ ಹುಡುಗಿಯ ಕ್ರಮ ಇದೇ ಆಗಬೇಕಿಲ್ಲ, ಅವಳ ಸ್ವಭಾವಕ್ಕೆ ಹೊಂದಬೇಕು. ಅವಳೇ ಕಟ್ಟಲಿ, ನೀವು ಗಡಿಯಾರ ಹಿಡಿದುಕೊಳ್ಳಿ.

ಎರಡನೆಯದು, ಅಭ್ಯಾಸದ ರೂಪ. ಅಭ್ಯಾಸದಲ್ಲಿ 5.40 ಹೇಗೆ ಬರುತ್ತಿದೆ ಅಂತ ಕೇಳಿಕೊಳ್ಳಿ. ಒಂದು ಸಂಜೆಗೆ 12 ಜಿಗಿತ, ನಡುವೆ ಎರಡು ಮೂರು ನಿಮಿಷ, ಫೌಲ್ ಆದರೆ ‘ಇನ್ನೊಂದು ಹಾರು’. ಅಲ್ವಾ? ಸ್ಪರ್ಧೆಯಲ್ಲಿ ಇರುವುದು ಮೂರು, ಅದರಲ್ಲಿ ಮೊದಲ ಎಂಟರೊಳಗೆ ಬಂದರೆ ಇನ್ನು ಮೂರು. ನಡುವೆ ಸುದೀರ್ಘ ಕಾಯುವಿಕೆ, ಮೈ ತಣ್ಣಗಾಗುತ್ತದೆ. ಇವೆರಡೂ ಬೇರೆಯೇ ಕೆಲಸ. ವಾರಕ್ಕೆ ಒಂದು ದಿನ ‘ಮೂರೇ ಮೂರು’ ದಿನ ಮಾಡಿ. ಪೂರ್ತಿ ವಾರ್ಮ್ ಅಪ್, ನಂತರ ಮೂರು ಜಿಗಿತ, ನಡುವೆ 15 ನಿಮಿಷ ಕಾಯುವುದು, ಬಾವುಟ ಹಿಡಿದು ನಿಲ್ಲುವವರು ಒಬ್ಬರು, ಹೆಸರು ಜೋರಾಗಿ ಕೂಗುವವರು ಒಬ್ಬರು. ಉಳಿದ ಮಕ್ಕಳು ಸುತ್ತ ನಿಂತು ನೋಡಲಿ. ನಾಲ್ಕನೆಯದು ಇಲ್ಲ, ಬೇಡಿಕೊಂಡರೂ ಇಲ್ಲ. ಮೂರೂ ಫೌಲ್ ಆದರೆ ಆ ದಿನ ಅಲ್ಲಿಗೆ ಮುಗಿಯಿತು, ಮುಖ ಸಪ್ಪೆ ಮಾಡದೆ ಮನೆಗೆ ಕಳಿಸಿ. ಇದು ಸ್ಪರ್ಧೆಯಷ್ಟು ಭಯ ಹುಟ್ಟಿಸುವುದಿಲ್ಲ, ಹುಟ್ಟಿಸಬೇಕಾಗಿಯೂ ಇಲ್ಲ. ನೆದರ್ಲೆಂಡ್ಸ್‌ನ ಔಡೆಯಾನ್ಸ್ ಮತ್ತು ಪೈಪರ್ಸ್ ಕೆಲವರನ್ನು ಹತ್ತುವ ಗೋಡೆಯ ಮೇಲೆ ಎತ್ತರದಲ್ಲಿ ನಿಲ್ಲಿಸಿ ಡಾರ್ಟ್ ಎಸೆಯಲು ಅಭ್ಯಾಸ ಮಾಡಿಸಿದರು. ಅಲ್ಲಿ ಸ್ವಲ್ಪ ಅಳುಕಿನಲ್ಲೇ ಅಭ್ಯಾಸ ಮಾಡಿದವರು, ಆಮೇಲೆ ಹೆಚ್ಚು ಒತ್ತಡದಲ್ಲೂ ಕೈ ಕಾಯ್ದುಕೊಂಡರು. ಸಣ್ಣ ಅಳುಕೇ ಸಾಕು. ಮಕ್ಕಳನ್ನು ಹೆದರಿಸಿ, ಅವಮಾನ ಮಾಡಿ ‘ಗಟ್ಟಿ’ ಮಾಡುತ್ತೇವೆ ಅನ್ನುವವರಿದ್ದಾರೆ, ಅದು ತರಬೇತಿ ಅಲ್ಲ. ಆ ಮಗುವಿಗೆ ಮುಂಚೆಯೇ ಹೇಳಿ, ಯಾಕೆ ಮಾಡುತ್ತಿದ್ದೇವೆ ಅಂತ ಹೇಳಿ, ಒಪ್ಪಿಗೆ ತಗೊಂಡು ಮಾಡಿ.

ಕಾಯುವ ಆ 15 ನಿಮಿಷ ಏನು ಮಾಡಬೇಕು ಅನ್ನುವುದೂ ಅಭ್ಯಾಸವೇ. ಬೇರೆಯವರ ಜಿಗಿತ ನೋಡುತ್ತಾ ಕೂತರೆ ಕೆಲವರಿಗೆ ಆಗಿಬರುತ್ತದೆ, ಕೆಲವರಿಗೆ ಆಗುವುದಿಲ್ಲ. ಬೆನ್ನು ಮಾಡಿ ಕೂತು, ತನ್ನ ಸರದಿಗೆ ಇಬ್ಬರು ಬಾಕಿ ಇದ್ದಾಗ ಎದ್ದು ಮೈ ಬಿಸಿ ಮಾಡಿಕೊಳ್ಳುವುದು ಹೆಚ್ಚಿನವರಿಗೆ ಸರಿಹೋಗುತ್ತದೆ.

‘ಮನೋಬಲ ಹುಟ್ಟಿನಿಂದ ಬರುವುದಾ?’ ಸ್ವಭಾವ ಹುಟ್ಟಿನಿಂದ ಬರುತ್ತದೆ. ಕೆಲವರಿಗೆ ಬೇಗ ಎದೆ ಹೊಡೆದುಕೊಳ್ಳುತ್ತೆ, ಕೆಲವರಿಗೆ ನಿಧಾನ. ಆದರೆ ಗಮನವನ್ನು ಎಲ್ಲಿ ಇಡಬೇಕು, ತಪ್ಪಾದ ಮೇಲೆ ಏನು ಮಾಡಬೇಕು, ಆ ಒಂದು ನಿಮಿಷವನ್ನು ಹೇಗೆ ಕಳೆಯಬೇಕು ಅನ್ನುವುದು ಕಲಿಯುವ ವಿದ್ಯೆ, ಹರ್ಡಲ್ ದಾಟುವುದನ್ನು ಕಲಿಯುವ ಹಾಗೆ. ಆ ಹುಡುಗಿಯ ಮುಂದೆ ‘ಇವಳಿಗೆ ಮೆಂಟಲ್ ಸ್ಟ್ರೆಂತ್ ಕಮ್ಮಿ’ ಅಂತ ಯಾರೂ, ಪ್ರೀತಿಯಿಂದ ಕೂಡ, ಹೇಳದಂತೆ ನೋಡಿಕೊಳ್ಳಿ. 16 ವರ್ಷದವರು ಅಂಥ ಮಾತನ್ನು ತಮ್ಮ ಎತ್ತರ ತೂಕದ ಹಾಗೆ, ಬದಲಾಗದ ಅಳತೆ ಅಂತ ನಂಬಿಬಿಡುತ್ತಾರೆ.

ಮನಶ್ಶಾಸ್ತ್ರಜ್ಞರ ವಿಷಯ. ಕ್ರೀಡಾ ಮನಶ್ಶಾಸ್ತ್ರಜ್ಞರು ಸಿಕ್ಕರೆ ಖಂಡಿತ ಸಹಾಯ ತಗೊಳ್ಳಿ, ಅದು ಫಿಸಿಯೋ ಹತ್ತಿರ ಹೋಗುವಷ್ಟೇ ಸಹಜ. ಆದರೆ ವಾರಕ್ಕೊಂದು ಗಂಟೆ ಅವರ ಜೊತೆ, ಹತ್ತು ಗಂಟೆ ನಿಮ್ಮ ಜೊತೆ. ಆ ಹತ್ತು ಗಂಟೆ ಬದಲಾಗದಿದ್ದರೆ ಒಂದು ಗಂಟೆಯಿಂದ ಹೆಚ್ಚೇನೂ ಆಗದು. ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರಾಗಿ ತಗೋಬೇಡಿ. ನಿದ್ದೆ ಹೋಗಿದ್ದರೆ, ಊಟ ಬಿಟ್ಟಿದ್ದರೆ, ಅಭ್ಯಾಸಕ್ಕೆ ಬರಲೂ ಹಿಂಜರಿಯುತ್ತಿದ್ದರೆ, ಎರಡು ವಾರಕ್ಕಿಂತ ಜಾಸ್ತಿ ಮಂಕಾಗಿದ್ದರೆ, ತನಗೆ ತಾನೇ ನೋವು ಮಾಡಿಕೊಳ್ಳುವ ಮಾತಾಡಿದರೆ, ಅದು ಲಾಂಗ್ ಜಂಪ್‌ನ ಸಮಸ್ಯೆ ಅಲ್ಲ. ಆಗ ಕಾಯದೆ ಮನೆಯವರ ಜೊತೆ ಮಾತಾಡಿ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಗಾಳಿಯಲ್ಲಿ ತನ್ನ ದೇಹ ಎಲ್ಲಿದೆ ಅನ್ನುವ ಅಂದಾಜೇ ತಪ್ಪಿಹೋಗಿ ತಂಡದ ಫೈನಲ್ ನಡುವೆ ಹಿಂದೆ ಸರಿದರು. ಆಗ ತುಂಬಾ ಜನ ತುಂಬಾ ಮಾತಾಡಿದರು. ಅವರು ಬಿಡುವು ತಗೊಂಡು, ನೆರವು ಪಡೆದು, 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ಚಿನ್ನ ಬರದೇ ಇದ್ದಿದ್ದರೂ ಹಿಂದೆ ಸರಿದದ್ದು ಸರಿಯಾದ ನಿರ್ಧಾರವೇ ಆಗಿರುತ್ತಿತ್ತು.

ಕೊನೆಗೆ ಆ ಮೀಟ್‌ನ ದಿನ. ಅವಳಿಗೆ ಗುರಿ ಕೊಡುವುದಾದರೆ ದೂರದ ಗುರಿ ಬೇಡ. ‘ಮೂರು ಜಿಗಿತಕ್ಕೂ ನಿನ್ನ ಕ್ರಮ ಪೂರ್ತಿ ಮಾಡು, ಮೂರೂ ಸಲ ಪೂರ್ತಿ ವೇಗದಲ್ಲಿ ಓಡು’, ಇಷ್ಟು ಸಾಕು. ಫೌಲ್ ಆದರೂ ಪೂರ್ತಿ ವೇಗದ ಫೌಲ್ ಆಗಲಿ. ಇದನ್ನು ನೀವು ನಿಜವಾಗಿ ಒಪ್ಪಿರಬೇಕು, ಬಾಯಿಮಾತಿಗೆ ಹೇಳಿದರೆ ಅವಳಿಗೆ ನಿಮ್ಮ ಮುಖದಲ್ಲೇ ಗೊತ್ತಾಗುತ್ತದೆ. ಫೌಲ್ ಆದಾಗ ಅವಳು ನಿಮ್ಮ ಕಡೆ ಬಂದರೆ ಹೇಳಬೇಕಾದದ್ದು ಒಂದೇ ವಿಷಯ, ಅಂಕಿ: ‘ಎಂಟು ಸೆಂಟಿಮೀಟರ್ ದಾಟಿದೆ, ಗುರುತನ್ನು ಒಂದು ಪಾದ ಹಿಂದಕ್ಕೆ ಇಡು.’ ಅದಕ್ಕೆ ನೀವು ಬೋರ್ಡ್ ನೇರಕ್ಕೆ ಕಾಣುವ ಕಡೆ ಕೂರಬೇಕು, ಕಣ್ಣು ಅವಳ ಮುಖದ ಮೇಲಲ್ಲ, ಬೋರ್ಡ್ ಮೇಲಿರಬೇಕು. ಎಲ್ಲ ಮುಗಿದ ಮೇಲೆ ಅವಳು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬರುವಾಗ ನಿಮ್ಮ ಮೊದಲ ಮಾತು ಏನು ಅಂತ ಈಗಲೇ ಬರೆದಿಡಿ, ಆ ಹೊತ್ತಿನಲ್ಲಿ ನಮಗೂ ಎದೆ ಹೊಡೆದುಕೊಳ್ಳುತ್ತಿರುತ್ತದೆ. ನಾನು ಬರೆದಿಟ್ಟುಕೊಂಡದ್ದು ‘ಹೇಗನ್ನಿಸಿತು?’. ಕೇಳಿ, ಅವಳು ಹೇಳಿ ಮುಗಿಸುವ ತನಕ ಕಾಯಿರಿ. ಕಾಲಿನ ಬಗ್ಗೆ ಅವಳು ಈ ಸಲ ಏನು ಹೇಳುತ್ತಾಳೆ ಅಂತ ಗಮನ ಇಟ್ಟು ಕೇಳಿಸಿಕೊಳ್ಳಿ.